ವೆಂಕಟ್ರಮಣ ಭಟ್ಟನ ಬೇಸ್ ಗಿಟಾರ್ ಪಾಠ

ಹೊಸನಗರದ ಪುರೋಹಿತ, ನನ್ನ ಗೆಳೆಯ ವೆಂಕಟ್ರಮಣ ಭಟ್ಟ ತೀರಿಕೊಂಡು ಇಪ್ಪತ್ತೊಂದು ದಿನವಾಯಿತು. ಅವನ ಬಗ್ಗೆ ಬರೆಯಲು ಕೂತರೆ ಅಳುವಿಗಿಂತ ಮೊದಲು ನಗು ಬರುತ್ತದೆ. ಅದು ಅವನದೇ ತಪ್ಪು.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಕಿವಿಗಡಚಿಕ್ಕುವ ಮೆಟಲ್ ಹಾಡೊಂದಕ್ಕೆ ಬೇಸ್ ಗಿಟಾರ್ ಕಲಿಯಲು ಹೊರಟ. ಸಾಗರದಲ್ಲಿ ಆದರ್ಶ ಎಂಬವನ ಅಂಗಡಿಗೆ ಮೊಬೈಲ್ ರಿಪೇರಿಗೆ ಹೋದಾಗ ಆ ಹಾಡು ಕಿವಿಗೆ ಬಿತ್ತಂತೆ.

"ಮೇಲೆ ಕೂಗೋರು ಕೂಗ್ಲಿ ಮಾರಾಯ. ಅಡೀಲಿ ಒಬ್ಬ ಒಂದೇ ಸಮ ರುದ್ರ ಹೇಳ್ದಂಗೆ ಹೇಳ್ತಾ ಇದ್ದ. ಅವ ಯಾರು ಅಂತ ಕೇಳ್ದೆ. ಬೇಸ್ ಅಂದ."

ಆದರ್ಶನದೊಂದು ಬ್ಯಾಂಡ್ ಇತ್ತು. ಬೇಸ್ ನುಡಿಸುವವನು ಬಿಟ್ಟುಹೋಗಿದ್ದ. "ಒಂದು ಹಾಡು ಪೂರ್ತಿ ನಮ್ಮ ಜೊತೆ ಸ್ಟೇಜಲ್ಲಿ ನುಡಿಸಿ ಭಟ್ರೆ, ಸೇರಿಸ್ಕೊಳ್ತೀವಿ" ಎಂದು ಅವನು ತಮಾಷೆಗೆ ಹೇಳಿದ. ವೆಂಕಟ್ರಮಣನಿಗೆ ತಮಾಷೆ ಬೇಗ ತಿಳಿಯುತ್ತಿರಲಿಲ್ಲ. ಮರುವಾರವೇ ಗಿಟಾರ್ ಬಂತು.

ಇಂಟರ್‌ನೆಟ್ಟಿನಿಂದ ಆ ಹಾಡಿನ ಟ್ಯಾಬ್, ಅಂದರೆ ಬೆರಳಿಡುವ ಜಾಗ ಬರೆದ ಹಾಳೆ, ತೆಗೆದು ಪ್ರಿಂಟ್ ಮಾಡಿಕೊಟ್ಟವನು ನಾನು. ನಾಲ್ಕು ಗೆರೆ ಎಂದರೆ ನಾಲ್ಕು ತಂತಿ. ಗೆರೆಯ ಮೇಲಿನ ಅಂಕಿ, ಎಷ್ಟನೆಯ ಮನೆಯಲ್ಲಿ ಬೆರಳಿಡಬೇಕೆಂದು ಹೇಳುತ್ತದೆ. ಸೊನ್ನೆಯಿದ್ದರೆ ಬೆರಳೇ ಬೇಡ.

"ಎಷ್ಟು ಹೊತ್ತು ಎಳೀಬೇಕು ಅಂತ ಬರ್ದೇ ಇಲ್ವಲ" ಎಂದ. "ಇದು ಗುರುಗಳ ಬಾಯಿಂದಲೇ ಬರ್ಬೇಕು."

ಗುರುಗಳೆಂದರೆ ಇಯರ್‌ಫೋನ್. ಕಾಗದ ನೋಡಿ ನುಡಿಸುವುದು ಅವನಿಗೆ ನಾಚಿಕೆ. ಪಾಠಶಾಲೆಯಲ್ಲಿ ವೇದ ಕಲಿತ ಹಾಗೆಯೇ ಇದನ್ನೂ ಬಾಯಿಪಾಠ ಮಾಡಿದ. ಸತ್ಯನಾರಾಯಣ ಪೂಜೆಗೆ ಸ್ಕೂಟರಿನಲ್ಲಿ ಹೋಗುವಾಗಲೂ "ಸೊನ್ನೆ ಸೊನ್ನೆ ಮೂರು, ಸೊನ್ನೆ ಸೊನ್ನೆ ಐದು" ನಡೆಯುತ್ತಿತ್ತು. ಮನೆಯಲ್ಲಿ ಹೇಳುವಾಗ ತಪ್ಪಿದರೆ ಹೆಂಡತಿ ವೇದಾವತಿ ಅಡುಗೆಮನೆಯಿಂದ ತಿದ್ದುತ್ತಿದ್ದಳು: "ಅಲ್ಲಿ ಐದಲ್ಲ, ಏಳು. ನಿನ್ನೆ ಸರಿ ಹೇಳಿದ್ರಿ."

ಒಂದೇ ತೊಂದರೆ. ಅವನಿಗೆ ಹಾಡಿನ ಮಧ್ಯ ಎಂಬುದೇ ಇರಲಿಲ್ಲ. ಎರಡನೆಯ ಪುಟ ನುಡಿಸು ಎಂದರೆ ಮೊದಲ ಪುಟವನ್ನು ಗುಣುಗುಣು ಮುಗಿಸಿಯೇ ಬರಬೇಕು.

ಸಾಗರದ ಒಂದು ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ಅರವತ್ತು ಜನ ಇದ್ದರು. ವೆಂಕಟ್ರಮಣ ಕಣ್ಣು ಮುಚ್ಚಿ ಚೆನ್ನಾಗಿಯೇ ನುಡಿಸುತ್ತಿದ್ದ. ಹಾಡು ಅರ್ಧ ದಾಟಿದಾಗ ಕರೆಂಟ್ ಹೋಯಿತು. ನಿಮಿಷದಲ್ಲಿ ಬಂತು. ಆದರ್ಶ "ಕೋರಸ್ಸಿಂದ" ಎಂದು ಎಣಿಸಿದ. ಗಿಟಾರ್ ಮತ್ತು ಡ್ರಮ್ಮು ಕೋರಸ್ಸಿಗೆ ಹೋದವು. ಬೇಸ್ ಮೊದಲ ಸೊನ್ನೆಯಿಂದ ಶುರುವಾಯಿತು.

ಆದರ್ಶ ಹತ್ತಿರ ಬಂದ. "ಭಟ್ರೆ, ಕೋರಸ್ಸು."

"ಕಡ್ದು ಹೋದ್ಮೇಲೆ ಮಧ್ಯದಿಂದ ಹೆಂಗೆ ಹೇಳೋದು? ಮೊದಲಿಂದ ಹೇಳ್ಬೇಕು."

ಮೈಕು ಇದನ್ನು ಇಡೀ ಸಭೆಗೆ ಕೇಳಿಸಿತು. ಡ್ರಮ್ಮಿನ ಸಂದೇಶ್ ನಗು ತಡೆಯಲಾರದೆ ಕೋಲು ನಿಲ್ಲಿಸಿ, ಬೇಸಿನ ಜೊತೆ ಮೊದಲಿನಿಂದ ಸೇರಿಕೊಂಡ. ಆದರ್ಶನಿಗೆ ಬೇರೆ ದಾರಿ ಇರಲಿಲ್ಲ. "ಇನ್ನೊಂದ್ಸಲ ಕರೆಂಟ್ ಹೋಗದೆ ಇದ್ರೆ ಸಾಕಪ್ಪ, ನಂಗೆ ಐದು ಗಂಟೆ ಬಸ್ಸಿದೆ" ಎಂದರು ನನ್ನ ಪಕ್ಕದವರು.

ಕರೆಂಟ್ ಹೋಗಲಿಲ್ಲ. ಹಾಡು ಕೊನೆಯವರೆಗೆ ನಡೆಯಿತು.

"ಈಗ ಪೂರ್ತಿ ಆಯ್ತಲ?" ಎಂದು ವೆಂಕಟ್ರಮಣ ಕೇಳಿದ.

"ಒಂದೂವರೆ ಹಾಡಾಯ್ತು ಭಟ್ರೆ. ಗುರುವಾರ ಪ್ರಾಕ್ಟೀಸು, ಬನ್ನಿ."

ಹನ್ನೊಂದು ಗುರುವಾರ ಹೋದ. ಹನ್ನೆರಡನೆಯದರ ಬೆಳಿಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ. ಸಂಜೆ ಆದರ್ಶನ ಫೋನು ಬಂತು: "ಭಟ್ರು ಹೊರಟ್ರಾ ಸರ್? ಕಾಯ್ತಾ ಇದೀವಿ." ನಾನೇ ಹೇಳಬೇಕಾಯಿತು.

ಬ್ಯಾಂಡಿನವರು ಮತ್ತೆ ಅಭ್ಯಾಸ ಶುರುಮಾಡಿದ್ದಾರಂತೆ. ಆ ಹಾಡಿಗೆ ಮಾತ್ರ ಇನ್ನೂ ಕೈ ಹಾಕಿಲ್ಲವಂತೆ.