ಕಳ್ಳಕವಟಗಿ ಬಯಲಲ್ಲಿ ರಾಜಬಿಯ ಗಾಳಿಪಟ

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ರಾಜಬಿ ಹೊಲಿಯುವುದು ರವಿಕೆ, ಲಂಗ ಅಲ್ಲ. ಲಾರಿಯ ತಾಡಪತ್ರಿ, ಪೆಂಡಾಲಿನ ಬಟ್ಟೆ, ರೆಕ್ಸಿನ್ ಚೀಲ. ದಪ್ಪ ಸೂಜಿ ನಡೆಸಿ ನಡೆಸಿ ನಲವತ್ತಾರರ ಹೊತ್ತಿಗೆ ಆಕೆಯ ಮುಂಗೈ ಕುಸ್ತಿಯವರ ಮುಂಗೈಯಂತಾಗಿತ್ತು.

ಮೂರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಜಲನಗರದ ನಂದಕಿಶೋರ ಒಂದು ಚೀಲ ತಂದು ಆಕೆಯ ಮಷೀನಿನ ಮುಂದೆ ಸುರುವಿದ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಮನುಷ್ಯ. ಚೀಲದಿಂದ ಬಿದ್ದದ್ದು ಎರಡು ಹಾಸಿಗೆ ಅಗಲದ ಕಿತ್ತಳೆ ಬಟ್ಟೆ, ನಾಲ್ಕು ಉದ್ದನೆಯ ದಾರ, ಎರಡು ಹಿಡಿಕೆ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಎರಡು ಪಟ್ಟಿ.

"ಪವರ್ ಕೈಟ್ ಅಂತಾರ್ರಿ ಇದಕ್ಕ. ಗಾಳಿ ಜೋರಿದ್ರ ಮನಶ್ಯಾನ್ನೂ ಎಳಕೊಂಡು ಹೋಗ್ತದ. ಜಾಲಿ ಕಂಟಿಗೆ ಸಿಕ್ಕು ಹರದೈತಿ, ಹೊಲದು ಕೊಡ್ರಿ."

ಇಷ್ಟು ತೆಳುವಾದ, ಇಷ್ಟು ಗಟ್ಟಿಯಾದ ಬಟ್ಟೆಯನ್ನು ರಾಜಬಿ ಮುಟ್ಟಿರಲಿಲ್ಲ. ಒಳಗೆಲ್ಲ ಗಾಳಿ ತುಂಬಿಕೊಳ್ಳಲು ಜೇಬಿನಂಥ ಮನೆಗಳು. ನಾಲ್ಕು ದಿನ ಕೂತು ಹೊಲಿದಳು. ಒಯ್ಯಲು ಬಂದಾಗ ಆತನಿಗೆ, "ಹಾರಸೂ ಮುಂದ ನನ್ನೂ ಕರೀರಿ. ಹೊಲಿಗಿ ತಡೀತದೋ ಇಲ್ಲೋ ನೋಡಬೇಕು" ಎಂದಳು.

ಆ ಆಯತವಾರ, ರಜೆಯ ದಿನ, ಗಂಡ ಸೈಫುದ್ದೀನನ ಟೆಂಪೋದಲ್ಲಿ ಮೂವರೂ ಟಿಕೋಟಾ ದಾಟಿ ಕಳ್ಳಕವಟಗಿಗೆ ಹೋದರು. ಅಲ್ಲಿ ಮುದುಕವ್ವ ಎಂಬ ಹೆಣ್ಣುಮಗಳ ಬಿತ್ತದೆ ಬಿಟ್ಟ ಹೊಲವಿತ್ತು. ನಂದಕಿಶೋರ ಹಾರಿಸಿದ. ಪಟ ಮೇಲೇರಿತು, ಎಡಕ್ಕೆ ವಾಲಿತು, ನೆಲಕ್ಕೆ ಬಡಿಯಿತು. ನಾಲ್ಕು ಸಲವೂ ಹಾಗೇ.

"ಎರಡು ವರ್ಷ ಆತು, ನನಗ ಇದರ ವಿದ್ಯಾ ಹತ್ತವಲ್ದು" ಎಂದು ಆತ ಮುಖ ಒರೆಸಿಕೊಂಡ.

ರಾಜಬಿ ಒಂದು ಗೂಟ ಹೊಡೆಸಿ, ನಾಲ್ಕೂ ದಾರಗಳನ್ನು ಅದಕ್ಕೆ ಸಿಕ್ಕಿಸಿ, ಬಿಗಿಯಾಗಿ ಎಳೆದು ನೋಡಿದಳು. "ವಿದ್ಯಾ ಅಲ್ರಿ, ದಾರ. ಬಲಗಡೇದು ಜಗ್ಗಿ ಜಗ್ಗಿ ನಾಕು ಬಟ್ಟು ಉದ್ದಾಗೈತಿ." ಆ ನಾಲ್ಕು ಬೆರಳಿನಷ್ಟನ್ನು ಗಂಟು ಹಾಕಿ ಸರಿ ಮಾಡಿದಳು. ಐದನೆಯ ಸಲ ಪಟ ನೆತ್ತಿಯ ಮೇಲೆ ಅಲ್ಲಾಡದೆ ನಿಂತಿತು. ನಂದಕಿಶೋರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನನ್ನ ಕೈಯಾಗ ಕೊಡ್ರಿ" ಎಂದಳು ರಾಜಬಿ.

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಹಿಡಿಕೆ ಹಿಡಿದ ಮರುಗಳಿಗೆ ಗಾಳಿ ಜಗ್ಗಿತು. ಆಕೆ ಹೆದರಿ ಎರಡೂ ಕೈ ಎದೆಗೆ ಎಳೆದುಕೊಂಡಳು. ಪಟ ಮತ್ತಷ್ಟು ಸೊಕ್ಕಿತು. ಮಕಾಡೆ ಬಿದ್ದು, ಹೆಂಟೆಗಳ ಮೇಲೆ ಹತ್ತು ಮಾರು ಜಾರಿದಳು. "ಕೈ ಬಿಡ್ರಿ, ಕೈ ಬಿಡ್ರಿ!" ಎಂದು ನಂದಕಿಶೋರ ಚೀರಿದ. ಬಿಡಲಿಲ್ಲ. ಸೈಫುದ್ದೀನ ಓಡಿ ಬಂದು ಸೊಂಟ ಹಿಡಿದ. ಪಟ ಆತನನ್ನೂ ಜೊತೆಗೆ ಎಳೆದೊಯ್ದಿತು. ಪಟ ತಾನಾಗಿ ನೆಲಕ್ಕೆ ಬಿದ್ದಾಗಲೇ ಇಬ್ಬರೂ ನಿಂತದ್ದು.

"ಯಾಕ ಬಿಡಲಿಲ್ರಿ?" ಎಂದು ನಂದಕಿಶೋರ ಕೇಳಿದ.

ಗದ್ದದ ರಕ್ತ ಒರೆಸಿಕೊಳ್ಳುತ್ತ ರಾಜಬಿ ಹೇಳಿದಳು: "ನಾಕು ದಿನ ಹೊಲದೇನಿ. ಹೆಂಗ ಬಿಡಲಿ?"

ಹಿಡಿಕೆ ಬಿಟ್ಟರೂ ಮಣಿಕಟ್ಟಿನ ಪಟ್ಟಿ ಪಟದ ಕೆಳ ಅಂಚಿನ ದಾರಗಳನ್ನು ಹಿಡಿದಿರುತ್ತದೆ, ಗಾಳಿ ಸೋರಿ ಪಟ ಮೆಲ್ಲಗೆ ಇಳಿಯುತ್ತದೆ, ಬಟ್ಟೆಗೆ ಏನೂ ಆಗುವುದಿಲ್ಲ ಎಂದು ನಂದಕಿಶೋರ ತೋರಿಸಿಕೊಟ್ಟ. ಸೈಫುದ್ದೀನ ಮೈಮೇಲಿನ ಮಣ್ಣು ಕೊಡವಿ, "ಸಾಕು, ನಡಿ ಮನಿಗೆ" ಎಂದ. ರಾಜಬಿ ನಂದಕಿಶೋರನ ಕಡೆ ತಿರುಗಿ, "ಮುಂದಿನ ಆಯತವಾರ ಎಷ್ಟ ಗಂಟೆಕ್ಕ ಬರೋದು?" ಎಂದು ಕೇಳಿದಳು.

ಆ ಆಯತವಾರವೆಲ್ಲ ಬರೀ ಕೈಬಿಡುವುದನ್ನೇ ಕಲಿತಳು. ಮೂವತ್ತು ಸಲ ಏರಿಸಿದಳು, ಮೂವತ್ತು ಸಲ ಬಿಟ್ಟಳು. ಆಮೇಲಿನ ಆಯತವಾರಗಳಲ್ಲಿ ಉಳಿದದ್ದು. ಒಂದು ಕೈ ಎಳೆದರೆ ಇನ್ನೊಂದು ಸಡಿಲ ಕೊಡಬೇಕು. ಪಟ ಎದುರಿಗೆ ಇದ್ದಾಗ ಗಾಳಿಯ ಜೋರೆಲ್ಲ ಮೈಮೇಲೆ. ಬದಿಗೆ ಸರಿಸಿದರೆ ಜೋರು ಇಳಿಯುತ್ತದೆ. ಹಿಮ್ಮಡಿ ಊರಿ, ಮೊಣಕಾಲು ಬಾಗಿಸಿ, ಹಿಂದಕ್ಕೆ ಭಾರ ಹಾಕಬೇಕು. ಕೈ ನೋಡಬಾರದು, ಪಟ ನೋಡಬೇಕು. ಸೋಮವಾರ ಮಷೀನಿನ ಮುಂದೆ ಕೂತರೆ ತೋಳು ಎತ್ತಲು ಬರುತ್ತಿರಲಿಲ್ಲ.

ಆಷಾಢದ ಕೊನೆಯ ಆಯತವಾರ ಗಾಳಿ ಹುಚ್ಚೆದ್ದಿತ್ತು. ಮುದುಕವ್ವನ ಗುಡಿಸಲಿನ ತಗಡು ಪಟಪಟ ಬಡಿದುಕೊಳ್ಳುತ್ತಿತ್ತು.

"ಇವತ್ತ ಬ್ಯಾಡ್ರಿ" ಎಂದ ನಂದಕಿಶೋರ.

"ಇಂಥಾ ಗಾಳಿಗೇ ಕಾಯಾಕತ್ತಿದ್ದೆ" ಎಂದಳು ರಾಜಬಿ.

ಬದಿಯಿಂದ ಏರಿಸಿದಳು. ಸ್ವಲ್ಪ ಹೊತ್ತು ಚೆನ್ನಾಗಿತ್ತು. ಒಮ್ಮೆಲೇ ಬೀಸಿದ ಗಾಳಿಗೆ ಕಾಲು ನೆಲ ಬಿಟ್ಟವು. ಇಳಿದ ಮೇಲೂ ಹಿಮ್ಮಡಿಯಿಂದ ನೆಲ ಉಳುತ್ತ ಮುಂದೆ ಸಾಗಿದಳು. ಆ ದಿಕ್ಕಿಗೆ ಕಟ್ಟೆಯಿಲ್ಲದ ಬಾವಿ. ಸೈಫುದ್ದೀನ ಹೆಸರು ಹಿಡಿದು ಕೂಗಿದ. ರಾಜಬಿ ಎಡಗೈ ಎಳೆದು ಪಟವನ್ನು ಬದಿಗೆ ತಂದಳು. ಓಟ ಕಡಿಮೆಯಾಯಿತು, ನಿಲ್ಲಲಿಲ್ಲ. ಬಾವಿ ಇಪ್ಪತ್ತು ಹೆಜ್ಜೆ ಇರುವಾಗ ಎರಡೂ ಮುಷ್ಟಿ ಬಿಚ್ಚಿದಳು. ಪಟ ಒದ್ದೆ ಚಾದರದಂತೆ ಕುಸಿಯಿತು.

ಕೂತಲ್ಲೇ ಉಸಿರು ತಗೊಂಡಳು. ಆಮೇಲೆ ಎದ್ದು, ಮಣ್ಣು ಝಾಡಿಸಿ, ಹೊಲದ ಆಚೆ ತುದಿಗೆ, ಬಾವಿಯಿಂದ ದೂರ ನಡೆದಳು. ಮತ್ತೆ ಏರಿಸಿದಳು. ಅದೇ ಗಾಳಿಯಲ್ಲಿ ಕಾಲು ಗಂಟೆ ಪಟವನ್ನು ಎಂಟರ ಆಕಾರದಲ್ಲಿ ಆಡಿಸಿದಳು. ಗಾಳಿ ಜಗ್ಗಿದಾಗಲೆಲ್ಲ ಬದಿಗೆ, ಸಡಿಲಾದಾಗ ನಡುವಿಗೆ. ಗುಡಿಸಲ ಬಾಗಿಲಲ್ಲಿ ನಿಂತಿದ್ದ ಮುದುಕವ್ವ ಸೆರಗು ಬಿಗಿಯಾಗಿ ಹಿಡಿದು, "ಏನ ಗಟ್ಟಿಗಿತ್ತಿ ಬೇ ನೀ!" ಎಂದಳು.

ಈ ವರ್ಷ ರಾಜಬಿ ತಾನೇ ಅಳತೆ ಹಾಕಿ, ಕತ್ತರಿಸಿ, ಒಂದು ಪಟ ಹೊಲಿದಳು. ಅದು ತಲೆಕೆಳಗಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಬಬಲೇಶ್ವರದ ಹತ್ತಿರದ ಬಯಲಲ್ಲಿ ಗಾಳಿ ತುಂಬಿಕೊಂಡು ಮೇಲೆ ನಿಂತಿತು. ನಂದಕಿಶೋರ ಫೋಟೋ ತೆಗೆಯಲು ಮೊಬೈಲ್ ಎತ್ತಿ ಮುಂದೆ ಬಂದ.

"ಮೊದಲ ಹಿಂದ ಸರೀರಿ," ಎಂದು ರಾಜಬಿ ಪಟದಿಂದ ಕಣ್ಣು ತೆಗೆಯದೆ ಗದರಿದಳು, "ದಾರದ ಕೆಳಗ ನಿಂತೀರಿ."