ಹುಳ ಹೊಡೆಸಿದ ಕಾಕಾ

ಎಲೆತೋಟದ ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ, ಕಪ್ಪಗೆ ಬೆಳೆದಿತ್ತು. ವೀಳ್ಯದೆಲೆಯ ತೊಟ್ಟು ಚಿವುಟಲೆಂದೇ ಬೆಳೆಸಿದ ಉಗುರು. ಸವಣೂರಿನ ಖಾರದಂಗಡಿಯಲ್ಲಿದ್ದ ವಿಡಿಯೋ ಗೇಮಿನ ಗಾಜಿಗೆ ಅದೇ ಉಗುರಿನಿಂದ ಟಕಟಕ ಬಡಿದು, "ಇಲ್ಲೈತಿ ನೋಡವಾ ಹುಳ! ಹೊಡಿ ಅದನ್ನ!" ಎಂದು ಕೂಗುತ್ತಿದ್ದರು. ಅವು ಹುಳವಲ್ಲ, ಆಕಾಶದಿಂದ ಇಳಿಯುವ ಶತ್ರು ವಿಮಾನಗಳು. ಬಳ್ಳಿಗೆ ಬೀಳುವ ಹುಳದ ಮೇಲಿದ್ದ ಸಿಟ್ಟನ್ನೆಲ್ಲ ಕಾಕಾ ಅವುಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಊರಿಗೆ ಬಂದ ಮೊದಲ ಯಂತ್ರ ಅದು. ಖಾರ ಕರಿಯುವ ಬಾಣಲೆಯ ಮಗ್ಗುಲಿಗೇ ನಿಲ್ಲಿಸಿದ್ದರಿಂದ ಗುಂಡಿಗಳಿಗೆಲ್ಲ ಎಣ್ಣೆಯ ಜಿಡ್ಡು. ಮಠದಲ್ಲಿ ಪಾಠ ಹೇಳುತ್ತಿದ್ದ ನಮ್ಮಪ್ಪ, ಹುಡುಗಿ ಅಲ್ಲಿಗೆ ಹೋಗುವುದೆಂದರೆ ಕಣ್ಣು ಕೆಂಪಗೆ ಮಾಡುತ್ತಿದ್ದರು. ಪಕ್ಕದ ಮನೆಯ ಕಾಕಾ ಬಂದು, "ನಾ ಜೋಡಿ ಇರ್ತೇನ್ರಿ ಆಚಾರ್ರ, ಚಿಂತಿ ಬಿಡ್ರಿ" ಎಂದು ಜಾಮೀನು ನಿಂತರು. ತಾವು ಮಾತ್ರ ಒಮ್ಮೆಯೂ ಆಡಲಿಲ್ಲ. "ನನ್ನ ಕೈ ಒರಟ ಐತಿ, ಮುರದರ?" ಎನ್ನುತ್ತಿದ್ದರು. ಆದರೆ ನಾನು ಎಡಕ್ಕೆ ತಿರುಗಿಸಿದರೆ ಅವರ ಮೈಯೆಲ್ಲ ಎಡಕ್ಕೆ ವಾಲಿ, ರುಮಾಲು ಕುತ್ತಿಗೆಗೆ ಬೀಳುತ್ತಿತ್ತು.

ಒಂದು ಬೇಸಿಗೆ ಸೂಟಿಗೆ ಹಾನಗಲ್ಲಿನಿಂದ ಸೋದರಮಾವನ ಮಗ ಬಂದ. ಹುಬ್ಬಳ್ಳಿಯಲ್ಲಿ ಆಡಿ ಬಂದವನು, ಅವನ ಕಾಲು ನೆಲದ ಮೇಲೆ ಇರಲಿಲ್ಲ.

"ಹುಡುಗ್ಯಾರ ಆಟ ಅಲ್ಲ ಇದು. ಸೋತವ್ರು ಸೂಟಿ ಮುಗಿಯೂ ತನಕ ಇದನ್ನ ಮುಟ್ಟಬಾರದು. ಕಬೂಲೇನು?"

"ಕಬೂಲ!" ಎಂದುಬಿಟ್ಟೆ. ಅವನು ಮೊದಲು ಆಡಿ ಎಂಥ ಅಂಕ ಏರಿಸಿದನೆಂದರೆ ಅಂಗಡಿಯೇ ಸಿಳ್ಳೆ ಹೊಡೆಯಿತು. ಆಮೇಲೆ ನನ್ನ ಸರದಿ. ಒಂದೊಂದಾಗಿ ವಿಮಾನ ಕಳೆದುಕೊಂಡು ಕೊನೆಯದೊಂದೇ ಉಳಿದಿತ್ತು. ಅವನ ಅಂಕವನ್ನು ಇನ್ನೇನು ಮುಟ್ಟಬೇಕು, ಪರದೆಯ ಚಿತ್ರ ಕುಗ್ಗಿ ಕುಗ್ಗಿ ಅಂಗೈಯಷ್ಟಾಯಿತು.

ಅಂಗಡಿಯ ಹಿಂದೆಯೇ ಕಾಕಾನ ತೋಟ. ಎರಡಕ್ಕೂ ಒಂದೇ ಕಂಬದ ತಂತಿ. ದಿನಕ್ಕೆ ಒಂದೆರಡು ತಾಸಷ್ಟೇ ಇರುತ್ತಿದ್ದ ತ್ರೀಫೇಸ್ ಕರೆಂಟು ಬಂದೊಡನೆ ಆಳು ಪಂಪು ಚಾಲೂ ಮಾಡುತ್ತಿದ್ದ, ಇಲ್ಲಿ ನಮ್ಮ ಚಿತ್ರ ಕುಗ್ಗುತ್ತಿತ್ತು. ಅಳು ಒತ್ತಿ ಬಂತು. ತಿರುಗಿ ನೋಡಿದರೆ ಕಾಕಾ ಇಲ್ಲ! ಇಂಥ ಹೊತ್ತಿನಲ್ಲೇ ಕೈಬಿಟ್ಟು ಹೋದರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಕಾಣದಿದ್ದರೂ ಗುಂಡಿ ಒತ್ತುತ್ತಲೇ ಇದ್ದೆ.

ಅಷ್ಟರಲ್ಲಿ ಚಿತ್ರ ಭುಗ್ಗನೆ ಅರಳಿತು. ಹೊಡೆದೆ, ಹೊಡೆದೆ, ಅವನ ಅಂಕ ದಾಟಿಯೇಬಿಟ್ಟೆ! ನಾನು ಕಿರುಚಿದ ಸದ್ದಿಗೆ ಖಾರ ಕರಿಯುವವನ ಕೈಯ ಝಾರಿ ಸೌಟು ಬಾಣಲೆಗೇ ಬಿತ್ತು.

ಕಾಕಾ ಧೋತರ ಮೇಲೆತ್ತಿಕೊಂಡು, ಮೊಣಕಾಲ ತನಕ ಕೆಸರಾಗಿ, ಏದುಸಿರು ಬಿಡುತ್ತ ಬಂದರು. "ಗೆದ್ದೇನವಾ?"

"ಪಂಪು ಬಂದ್ ಮಾಡಿ ಬಂದ್ರಿ. ಮೋಸ ಇದು!" ಎಂದು ಹಾನಗಲ್ಲಿನವನು ಹಾರಾಡಿದ.

"ನೀ ಆಡೂವಾಗ ಪಂಪ ಚಾಲೂ ಇತ್ತೇನಪಾ? ಇಬ್ಬರಿಗೂ ಒಂದ ನ್ಯಾಯ."

ಕಾಕಾ ತೋಟಕ್ಕೆ ಮರಳುವಷ್ಟರಲ್ಲಿ ತ್ರೀಫೇಸ್ ಹೋಗಿತ್ತು. ಬಿರುಬೇಸಿಗೆಯಲ್ಲಿ ಎಲೆಬಳ್ಳಿಗೆ ಒಂದು ದಿನ ನೀರು ತಪ್ಪಿದರೂ ಬಾಡುತ್ತದೆಂದು ನನಗೂ ಗೊತ್ತಿತ್ತು. ಸಂಜೆ ಕೇಳಿದ್ದಕ್ಕೆ, "ಬಳ್ಳಿ ನಾಳೆ ಕುಡಿತಾವ. ನಿನ್ನ ಆಟ ನಾಳೆ ಬರತಿತ್ತೇನು?" ಎಂದರು. ಮನೆಯ ಹಿರಿಯರು ಯಾರೂ ನನ್ನ ಆಟವನ್ನು ಅಷ್ಟು ದೊಡ್ಡದೆಂದು ತಿಳಿದಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾಕಾ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದಾಗ ಅವರ ಹೆಂಡತಿ ಕಾಕು ಒಬ್ಬರೇ ಪಡಸಾಲೆಯಲ್ಲಿ ಕುಳಿತಿದ್ದರು. "ಅವತ್ತ ತ್ವಾಟಕ್ಕ ನೀರ ಹಾಯಸಲಿಲ್ಲಂತ ನಾ ಬಾಯಿಗೆ ಬಂದಂಗ ಬೈದಿದ್ದೆ. ಅವರು ನಕ್ಕೋತ, 'ಹುಡುಗಿ ಗೆದ್ದಾಳ, ಮೊದಲ ಆಕಿನ್ನ ಕರದು ಸಕ್ಕರಿ ಕೊಡು' ಅಂದ್ರು. ಸಿಟ್ಟಿನ್ಯಾಗ ನಾ ಕೊಡಲಿಲ್ಲ."

ಕಾಕು ಎದ್ದು ಅಡುಗೆಮನೆಗೆ ಹೋಗಿ, ಮುಷ್ಟಿ ಬಿಗಿದುಕೊಂಡು ಬಂದು ನನ್ನ ಮುಂದೆ ನಿಂತರು.

"ಬಾಯಿ ತಗೀವಾ."