ಅವ್ವನ ನೆಟ್ಟಗಿನ ಫೋಟೊ

ನಮ್ಮ ಮನೆಯಲ್ಲಿ ಡಿಗ್ರಿ ಪಾಸಾದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ಅವ್ವ ಸವಣೂರಿನ ಎಲೆ ತೋಟಗಳಲ್ಲಿ ವೀಳ್ಯದೆಲೆ ಕೊಯ್ದು ಕಟ್ಟು ಕಟ್ಟುತ್ತಿದ್ದಳು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಹೋದ. ಅವನದೊಂದು ಫೋಟೊ ಕೂಡ ಉಳಿದಿಲ್ಲ. ಅಕ್ಕ ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಅವ್ವನ ಹಿಂದೆ ತೋಟಕ್ಕೆ ಹೋದಳು, ಮುಂದೆ ಹಿರೇಕೆರೂರಿಗೆ ಲಗ್ನವಾಗಿ ಹೋದಳು. ಅವರಿಬ್ಬರೂ ಬಗ್ಗಿ ದುಡಿದದ್ದಕ್ಕೆ ನಾನು ನೆಟ್ಟಗೆ ಕೂತು ಓದಿದೆ.

ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಅರ್ಜಿ ಹಾಕಿದ್ದೇ ಬಂತು. ಆಗ ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಗೊತ್ತಿದ್ದವರು ಬೇಕು ಅಂತ ಸುದ್ದಿ ಬಂತು, ಹೋದೆ. ಮಾಲಕರಿಗೆ ಅರವತ್ತು ದಾಟಿತ್ತು. ರೀಲಿನ ಕಾಲದಿಂದ ಫೋಟೊ ತೆಗೆದ ಕೈ.

"ನನಗ ಕೈಗೆ ಗೊತ್ತೈತಿ ತಂಗಿ, ಬಾಯಿಗೆ ಗೊತ್ತಿಲ್ಲ," ಅಂದರು ಮೊದಲನೆಯ ದಿನವೇ. "ಹೇಳಿಕೊಡಾಕ ಬರೂದಿಲ್ಲ. ನೋಡಿ ಕಲಿ."

ನೋಡಿ ಕಲಿಯುವುದು ನನಗೆ ಸಣ್ಣದೆನಿಸಿತು. ಓದಿದವಳಲ್ಲವೇ, ಓದಿಯೇ ಕಲಿಯಬೇಕು. ಸವಣೂರಿನ ಗ್ರಂಥಾಲಯದಲ್ಲಿ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಸ್ಟುಡಿಯೋದೊಳಗೆ ಮುಖದ ಮೇಲೆ ಬೆಳಕು ಹೇಗೆ ಹಾಕಬೇಕು ಅನ್ನುವುದಷ್ಟೇ ಅದರ ತುಂಬ. ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಇನ್ನೊಂದು ಪುಸ್ತಕವನ್ನು ಹುಬ್ಬಳ್ಳಿಯ ಹಳೆಯ ಪುಸ್ತಕದ ಅಂಗಡಿಯಿಂದ ತಂದೆ. ಮಗ್ಗುಲಲ್ಲಿ ಡಿಕ್ಷನರಿ ಇಟ್ಟುಕೊಂಡು, ಗೊತ್ತಿಲ್ಲದ ಶಬ್ದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪರೀಕ್ಷೆಗೆ ಕೂಡುವವಳ ಹಾಗೆ ಎರಡನ್ನೂ ಓದಿದೆ. ದಿನಕ್ಕೆ ಎರಡು ಪುಟ ದಾಟಿದರೆ ಹೆಚ್ಚು.

ಅವ್ವ ಎಲೆ ಜೋಡಿಸುತ್ತ ನನ್ನ ಓದು ಕೇಳುತ್ತಿದ್ದಳು. ಕಂಪ್ಯೂಟರಿನಲ್ಲಿ ಒಂದು ಚಿತ್ರದ ಮೇಲೆ ಇನ್ನೊಂದನ್ನು ಪದರ ಪದರವಾಗಿ ಇಡುತ್ತಾರೆ, ಮೇಲಿನದಷ್ಟೇ ಕಾಣುತ್ತದೆ ಅನ್ನುವ ಪಾಠಕ್ಕೆ ನಾನು ಮೂರು ದಿನ ತಲೆ ಕೆಡಿಸಿಕೊಂಡಿದ್ದೆ. ಅವ್ವನಿಗೆ ಹೇಳಿದಾಗ ಅವಳು ಕೈ ನಿಲ್ಲಿಸಲೂ ಇಲ್ಲ.

"ಅದಕ್ಯಾಕ ಪುಸ್ತಕ ಬೇಕಬೇ? ಮ್ಯಾಲ ಚಲೋ ಎಲಿ ಇಟ್ಟು ಒಳಗ ತೂತ ಬಿದ್ದದ್ದು ಸೇರಿಸೂದು. ದಲಾಲ್ರು ದಿನಾ ಮಾಡ್ತಾರ."

ಬೆಳಕಿನ ಪಾಠಕ್ಕೆ ಒಂದು ಮುಖ ಬೇಕಿತ್ತು. ಅವ್ವನನ್ನೇ ಕೂರಿಸಿದೆ. ಮಾಲಕರು ತಮ್ಮ ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಮನೆಗೆ ಒಯ್ಯಲು ಕೊಟ್ಟಿದ್ದರು. ನಮ್ಮ ಮನೆಗೆ ಇದ್ದದ್ದು ಒಂದೇ ಕಿಟಕಿ. ಬುಟ್ಟಿ ಬೋರಲು ಹಾಕಿ, ಕಿಟಕಿ ಅವಳ ಬಲಕ್ಕೆ ಬರುವಂತೆ ಕೂರಿಸುತ್ತಿದ್ದೆ. ಪುಸ್ತಕದಲ್ಲಿದ್ದದ್ದು ಹೀಗೆ: ಬೆಳಕು ಒಂದೇ ಕಡೆಯಿಂದ ಬರಬೇಕು. ಮುಖದ ಅರ್ಧ ಕತ್ತಲಲ್ಲಿ ಉಳಿಯಬೇಕು. ಆ ಕತ್ತಲಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ಸಣ್ಣ ತ್ರಿಕೋನ ಬೀಳಬೇಕು. ಆ ತ್ರಿಕೋನ ಬಿದ್ದರೆ ನೀನು ಕಲಿತಂತೆ. ಎದುರಿನಿಂದ ಬೆಳಕು ಹಾಕಿದರೆ ಮುಖ ಸತ್ತು ಹೋಗುತ್ತದೆ, ಹಾಗೆ ತೆಗೆಯುವುದು ಪಾಸ್‌ಪೋರ್ಟಿಗೆ ಮಾತ್ರ ಲಾಯಕ್ಕು. ಈ ಸಾಲಿನ ಕೆಳಗೆ ನಾನು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದೆ, ಗ್ರಂಥಾಲಯದ ಪುಸ್ತಕ ಅನ್ನುವುದನ್ನೂ ಮರೆತು.

ಅವ್ವನ ಕೆನ್ನೆಯ ಮೇಲೆ ತ್ರಿಕೋನ ಬೀಳುತ್ತಿರಲಿಲ್ಲ. ಅವಳ ಎಡದವಡೆಯಲ್ಲಿ ಯಾವಾಗಲೂ ಎಲೆ-ತಂಬಾಕು ಇರುತ್ತಿತ್ತು. ಉಬ್ಬಿದ ಆ ಕೆನ್ನೆ ಬೆಳಕನ್ನು ಒಡೆದು ಹಾಕುತ್ತಿತ್ತು. ಬಾಯಿ ಮುಕ್ಕಳಿಸಿ ಬಾ ಅಂದರೆ, "ತಂಬಾಕಿಲ್ಲದ ನಾ ಹೆಂಗ ಸುಮ್ಮ ಕುಂಡ್ರಲಿ?" ಅನ್ನುತ್ತಿದ್ದಳು. ಎಡಗಣ್ಣೂ ಬಲಗಣ್ಣಿಗಿಂತ ಸಣ್ಣದು. ಸಣ್ಣವಳಿದ್ದಾಗ ತೋಟದಲ್ಲಿ ಬಳ್ಳಿಯ ಗೂಟದ ತುದಿ ತಾಗಿ ಆ ರೆಪ್ಪೆ ಇಳಿಬಿದ್ದಿತ್ತು. ನಗು ಬಂದರೆ ಆ ಕಣ್ಣೇ ಮೊದಲು ಮುಚ್ಚುವುದು. ಅವ್ವ ನಮ್ಮನ್ನು ಬೈಯುವಾಗ ಅಕ್ಕ ನಾನು ಎಡಗಣ್ಣನ್ನೇ ನೋಡುತ್ತಿದ್ದೆವು. ಬಲಗಣ್ಣು ಎಷ್ಟು ಬೈದರೂ ಎಡಗಣ್ಣು ನಗುತ್ತಿದ್ದರೆ ಅಂಜಿಕೆ ಇಲ್ಲ ಅಂತ ಲೆಕ್ಕ.

ಆ ಕಣ್ಣನ್ನು ನಾನು ತಿಂಗಳುಗಟ್ಟಲೆ ಕತ್ತಲಲ್ಲಿ ಕೂರಿಸಿದೆ.

"ಇಷ್ಟು ದಿನ ಕುಂತೇನಿ," ಅಂದಳೊಮ್ಮೆ ಅವ್ವ, ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ತನ್ನನ್ನು ನೋಡಿಕೊಂಡು. "ಎಲ್ಲಾ ಗ್ವಾಡಿ ಮರೀಗಿಂದ ಹಣಿಕಿ ಹಾಕಿದಂಗ ಬಂದಾವಲ್ಲ. ನಂದೊಂದು ನೆಟ್ಟಗಿನ ಫೋಟೊ ತಗಿಯಬೇ. ನಿಮ್ಮಪ್ಪನ ಮಾರಿ ಹೆಂಗಿತ್ತಂತ ನೀ ಕೇಳಿದಾಗ ನನಗ ತೋರಸಾಕ ಏನೂ ಇರಲಿಲ್ಲ. ನಿಮ್ಮ ಮಕ್ಕಳು ಕೇಳಿದ್ರ ನನ್ನದರ ಒಂದು ಇರಲಿ."

"ತಗಿತೇನಿ ತಡಿ. ಮೊದಲ ಇದು ಬರಲಿ."

ಮಾಲಕರ ರೀತಿಯೇ ಬೇರೆ ಇತ್ತು. ಎರಡು ಕಣ್ಣು, ಎರಡು ಕಿವಿ, ಅಷ್ಟೇ ಅವರ ಶಾಸ್ತ್ರ. ನಮ್ಮ ಕಡೆ ವಯಸ್ಸಾದವರು ಸ್ಟುಡಿಯೋಕ್ಕೆ ಯಾಕೆ ಬರುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಆ ಫೋಟೊ ಮುಂದೊಂದು ದಿನ ಹಾರ ಹಾಕಿಸಿಕೊಂಡು ಗೋಡೆಯ ಮೇಲೆ ಕೂಡುವಂಥದು. ಕಿವಿ ಒಂದೇ ಕಂಡರೆ ಮಂದಿ ವಾಪಸ್ ತರುತ್ತಾರೆ. ಒಮ್ಮೆ ಮಾಲಕರು ಊಟಕ್ಕೆ ಹೋದಾಗ ದುಂಡಸಿಯ ಒಬ್ಬ ಹಿರಿಯರನ್ನು ನಾನು ಪುಸ್ತಕದ ಪ್ರಕಾರ ತೆಗೆದಿದ್ದೆ. ಫೋಟೊ ಕೈಗೆ ಬಂದ ಮೇಲೆ ಅವರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಕರೆಂಟ್ ಹೋಗಿತ್ತೇನ್ರಿ ತಂಗಿ?" ಅಂದರು. ಮಾಲಕರು ನಕ್ಕು ನಕ್ಕು ಕೆಮ್ಮಿದರು. ನಾನು ನಗಲಿಲ್ಲ. ಇವರಿಗೇನು ತಿಳಿಯುತ್ತದೆ ಅಂದುಕೊಂಡೆ.

ಆ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲ್ ಬಂದಿತ್ತು. ಲಗ್ನ, ಸೀಮಂತ, ಜವಳ, ಎಲ್ಲಿ ಯಾರು ಮೊಬೈಲ್ ಎತ್ತಿದರೂ ಅವ್ವ ಸೆರಗು ಅಡ್ಡ ಹಿಡಿಯುತ್ತಿದ್ದಳು. "ಇದರಾಗ ಬ್ಯಾಡ್ರಿ. ನನ್ನ ಮಗಳು ದೊಡ್ಡ ಕ್ಯಾಮೆರಾದಾಗ ತಗಿಯೋಳದಾಳ." ಇದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳು ಅನ್ನುವುದನ್ನು ಅವಳು ಹೋದ ಮೇಲೆ ಒಬ್ಬೊಬ್ಬರೇ ಬಂದು ನನಗೆ ಹೇಳಿದರು.

ಒಂದು ದಿನ ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಶಿಗ್ಗಾವಿಗೆ ಬಂದಳು. ಇಳಕಲ್ ಸೀರೆ, ಹಣೆಗೆ ವಿಭೂತಿ, ತಲೆಗೆ ಎಣ್ಣೆ. ಮಾಲಕರು ಬಂಕಾಪುರಕ್ಕೆ ಒಂದು ಲಗ್ನದ ಫೋಟೊ ತೆಗೆಯಲು ಹೋಗಿದ್ದರು. ಅವ್ವ ಒಳಗೆ ಬಂದವಳೇ ಸ್ಟೂಲಿನ ಮೇಲೆ ಕೂತಳು.

"ಇವತ್ತ ನೆಟ್ಟಗ ತಗಿ ನೋಡು. ಬಾಯಿನೂ ತೊಳಕೊಂಡ ಬಂದೇನಿ, ಬಸ್ಸಿನ್ಯಾಗ ಸುದ್ದಾ ಹಾಕ್ಕೊಂಡಿಲ್ಲ."

ಅಭ್ಯಾಸದ ಪ್ರಕಾರ ದೊಡ್ಡ ದೀಪವನ್ನು ಅವಳ ಬಲಕ್ಕೆ ಎಳೆದೆ. ಹಚ್ಚಿ ನೋಡಿದರೆ ತ್ರಿಕೋನ ಬಿದ್ದಿತ್ತು. ತಂಬಾಕಿಲ್ಲದ ಕೆನ್ನೆ ಸಪಾಟಾಗಿತ್ತು, ಅದರ ಮೇಲೆ ಪುಸ್ತಕದಲ್ಲಿದ್ದ ಹಾಗೆಯೇ, ಉಗುರಿನಷ್ಟು, ಚೂಪಾಗಿ. ಒಂದು ವರ್ಷದಿಂದ ಕಾದದ್ದು. ಅಲುಗಬೇಡ ಅಂದೆ. ಉಸಿರು ಬಿಡಬೇಡ ಅಂದೆ. ತೆಗೆದೆ, ಮತ್ತೆ ತೆಗೆದೆ, ಕತ್ತಲನ್ನು ಇನ್ನೂ ಕಪ್ಪು ಮಾಡಿ ತೆಗೆದೆ. ಅಷ್ಟರಲ್ಲಿ ಕಾಲೇಜಿನ ಅರ್ಜಿಗೆ ಫೋಟೊ ಬೇಕು ಅಂತ ಏಳೆಂಟು ಹುಡುಗಿಯರು ಒಮ್ಮೆಲೇ ಬಂದು ಬಾಗಿಲಲ್ಲಿ ನಿಂತರು.

"ಮುಗೀತನ? ಈಗ ನೆಟ್ಟಗಿಂದು?" ಅಂದಳು ಅವ್ವ.

"ಗಿರಾಕಿ ಬಂದಾರ ಬೇ. ಮುಂದಿನ ಸಲ."

ಅವಳು ಸ್ಟೂಲಿನಿಂದ ಇಳಿದು ಆ ಹುಡುಗಿಯರಿಗೆ ಜಾಗ ಬಿಟ್ಟಳು. ಅವರನ್ನೆಲ್ಲ ಎದುರು ಬೆಳಕಿನಲ್ಲಿ, ಎರಡೂ ಕಿವಿ ಕಾಣುವಂತೆ, ನೆಟ್ಟಗೆ ತೆಗೆದೆ. ಅವ್ವ ಬಾಗಿಲ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿ, ಚಹಾ ಕುಡಿದು ಬರುತ್ತೇನೆ ಅಂತ ಹೋದವಳು ಸವಣೂರಿನ ಬಸ್ಸು ಹತ್ತಿಬಿಟ್ಟಳು.

ಮುಂದಿನ ಸಲ ಬರಲಿಲ್ಲ. ಮೂರು ವಾರ ಕಳೆದಿತ್ತು. ತೋಟದಲ್ಲಿ ಎಲೆ ಕೊಯ್ಯುತ್ತಿದ್ದವಳು ಎದೆ ಹಿಡಿದಂತಾಗುತ್ತದೆ ಅಂತ ಬದುವಿನ ಮೇಲೆ ಕೂತಳಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲಾ ಮುಗಿದಿತ್ತು.

ದಿನದ ಕಾರ್ಯಕ್ಕೆ ಫೋಟೊ ಬೇಕಾಯಿತು. ಆಧಾರ್ ಕಾರ್ಡಿನದು ಯಾರದು ಚಂದ ಬಂದೀತು? ಅದನ್ನು ದೊಡ್ಡದು ಮಾಡಿದರೆ ಮುಖ ಒಡೆದು ಚೂರಾಯಿತು. ಮೊಬೈಲುಗಳಲ್ಲಿ ಬರೀ ಸೆರಗು. ನಾನು ಆ ತ್ರಿಕೋನದ ಫೋಟೊ ತಂದು ಇಟ್ಟೆ. ನಾನು ಅಲ್ಲಿಯವರೆಗೆ ತೆಗೆದದ್ದರಲ್ಲೆಲ್ಲ ಚಲೋ ಫೋಟೊ ಅದು. ಈಗಲೂ ಹಾಗೇ ಹೇಳುತ್ತೇನೆ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಕನ್ನಡಕ ಏರಿಸಿ ನೋಡಿದಳು.

"ಉಳದ ಅರ್ಧ ಮಾರಿ ಎಲ್ಲೈತಿ?"

"ಅದು ಹಂಗ ದೊಡ್ಡವ್ವ. ಬೆಳಕು..."

"ಬೆಳಕಿಗಲ್ಲಬೇ ನಾ ಪೂಜಿ ಮಾಡೂದು. ಅರ್ಧ ಮಾರಿಗೆ ವಿಭೂತಿ ಹೆಂಗ ಹಚ್ಚಲಿ? ಊರ ಮಂದೀದೆಲ್ಲಾ ಫೋಟೊ ತಗದಿ, ನಿಮ್ಮವ್ವಂದೊಂದು ಇಡೀ ತಗಿಯಾಕ ಆಗಲಿಲ್ಲ ನಿನಗ?"

ನಾನು ಮರುದಿನ ಬೆಳಿಗ್ಗೆಯೇ ಶಿಗ್ಗಾವಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಮೊದಲು ಕತ್ತಲಿನ ಭಾಗವನ್ನು ಬೆಳಗಿಸಲು ನೋಡಿದೆ. ಎಷ್ಟು ಎತ್ತಿದರೂ ಕರಿ ಎಳ್ಳು ಚೆಲ್ಲಿದಂಥ ಚುಕ್ಕೆಗಳೇ ಹೊರತು ಕಣ್ಣಿಲ್ಲ, ಕಿವಿಯಿಲ್ಲ. ಅಷ್ಟು ಕಪ್ಪು ಮಾಡಿದವಳು ನಾನೇ. ಮನೆಯಲ್ಲಿ ತೆಗೆದವೆಲ್ಲ ಅದೇ ಕಡೆಯವು, ಎಲ್ಲದರಲ್ಲೂ ಕಿಟಕಿ ಬಲಕ್ಕೆ. ಎರಡನೆಯ ಪುಸ್ತಕದ ಪಾಠ ನೆನಪಾಯಿತು. ಬಲಗಡೆಯ ಅರ್ಧ ಮುಖವನ್ನು ಕತ್ತರಿಸಿ, ಬಟ್ಟೆ ಮಗುಚಿದ ಹಾಗೆ ಮಗುಚಿ, ಎಡಗಡೆಗೆ ಇಟ್ಟೆ. ನಡುವಿನ ಗೆರೆ ಅಳಿಸಿದೆ. ಎಡ ಹೊಳ್ಳೆಗೆ ಒಬ್ಬ ಗಿರಾಕಿಯ ಫೋಟೊದಿಂದ ಮೂಗುಬಟ್ಟು ತಂದು ಕೂರಿಸಿದೆ. ಮಧ್ಯಾಹ್ನದೊಳಗೆ ಎರಡು ಕಣ್ಣು, ಎರಡು ಕಿವಿಯ ಒಬ್ಬ ಹೆಣ್ಣುಮಗಳು ತಯಾರಾದಳು.

ಮಾಲಕರು ಹಿಂದೆ ಬಂದು ನಿಂತು ನೋಡಿದರು. ಅವ್ವನನ್ನು ಅವರು ಬಲ್ಲವರು. ಏನೋ ಹೇಳಲು ಬಾಯಿ ತೆರೆದವರು, "ಫ್ರೇಮ್ ನಾ ಕಟ್ಟಸ್ತೇನಿ ತಂಗಿ, ನೀ ಮನಿಗೆ ನಡಿ," ಅಂದರು.

ಕಾರ್ಯದ ದಿನ ಎಲ್ಲರೂ ಹೊಗಳಿದರು. ದೊಡ್ಡವ್ವ ವಿಭೂತಿ ಹಚ್ಚಿ, "ಈಗ ನೋಡು, ಹೆಂಗ ಕುಂತಾಳ ನಮ್ಮ ತಂಗಿ," ಅಂತ ಕಣ್ಣೊರೆಸಿಕೊಂಡಳು. ಓದಿದ್ದು ಸಾರ್ಥಕ ಮಾಡಿದಳು ಮಗಳು ಅಂದರು ಯಾರೋ. ಬಂದವರೆಲ್ಲ ಉಂಡು ಎದ್ದ ಮೇಲೆ ಹಿತ್ತಲಲ್ಲಿ ನನ್ನ ಜೊತೆ ಪಾತ್ರೆ ತಿಕ್ಕುತ್ತಿದ್ದ ಅಕ್ಕ ತಲೆ ಎತ್ತದೆ ಕೇಳಿದಳು.

"ಆ ಎಡಗಣ್ಣು ಯಾರದು?"

"ಅವ್ವಂದ. ಬಲಗಡಿದು."

"ಅದಕ್ಕ," ಅಂದಳು. ಪಾತ್ರೆಗೆ ಇನ್ನಷ್ಟು ಬೂದಿ ಹಾಕಿಕೊಂಡಳು. "ಎರಡೂ ಕಣ್ಣಲೆ ಬೈದಂಗ ಕಾಣ್ತಾಳ."

ಅವತ್ತಿನಿಂದ ಎಷ್ಟೋ ಮುಖಗಳನ್ನು ತಿದ್ದಿದ್ದೇನೆ. ಮಾಲಕರು ತೀರಿಕೊಂಡ ಮೇಲೆ ಸ್ಟುಡಿಯೋ ನಾನೇ ನಡೆಸುತ್ತೇನೆ. ಹಾನಗಲ್ಲಿನಿಂದಲೂ ತಿದ್ದುವ ಕೆಲಸ ಹುಡುಕಿಕೊಂಡು ಬರುತ್ತದೆ. ಅವ್ವನದೊಂದನ್ನು ತಿದ್ದಲು ಆಗಲಿಲ್ಲ. ಇಳಿಬಿದ್ದ ರೆಪ್ಪೆಯನ್ನು ನೆನಪಿನಿಂದ ಬರೆಯಲು ನೋಡಿದೆ, ಹತ್ತು ಸಲ. ಪ್ರತಿ ಸಲವೂ ಯಾರೋ ನಿದ್ದೆಗಣ್ಣಿನ ಹೆಂಗಸು ಬಂದಳು. ಕೊನೆಗೆ ಬಿಟ್ಟೆ. ಅದೇ ಫೋಟೊದ ಒಂದು ಪ್ರತಿ ಹಿರೇಕೆರೂರಿನಲ್ಲಿ ಅಕ್ಕನ ಮನೆಯಲ್ಲೂ ಇದೆ.

ಹೋದ ತಿಂಗಳು ಅಕ್ಕ ಫೋನ್ ಮಾಡಿದ್ದಳು. ಅವಳ ಮಗಳು, ಅವ್ವ ಹೋದ ಮೇಲೆ ಹುಟ್ಟಿದವಳು, ಈಗ ಎರಡನೆಯ ಇಯತ್ತೆ. ಅಜ್ಜಿ ಯಾಕೆ ಅಷ್ಟು ಸಿಟ್ಟಿನವಳು ಅಂತ ಕೇಳಿತಂತೆ.

"ಸಿಟ್ಟಿನಾಕಿ ಅಲ್ಲಬೇ, ಬೈಕೋತ ನಗತಿದ್ಲು ಅಂತ ನಾನ ಮಾಡಿ ತೋರಸಾಕ ಹೋದೆ," ಅಂದಳು ಅಕ್ಕ. "ಒಂದ ಕಣ್ಣ ಸಣ್ಣ ಮಾಡಿದೆ. ಅದಲ್ಲ ಅನಿಸ್ತು, ಇನ್ನೊಂದ ಮಾಡಿದೆ. ದಿನಾ ಆ ಫೋಟೊನ ನೋಡಿ ನೋಡಿ... ಯಾವ ಕಣ್ಣದು? ಎಡಗಡಿದೋ, ಬಲಗಡಿದೋ?"

"ಎಡಗಡಿದು."

"ಖರೇನ?"

"ಖರೇ ಅಕ್ಕ."

ಅವಳು ಫೋನು ಇಡಲಿಲ್ಲ. ಕಿವಿಯಿಂದ ತುಸು ದೂರ ಹಿಡಿದು ಮಗಳಿಗೆ ಹೇಳುವುದು ನನಗೆ ಕೇಳಿಸಿತು. "ಎಡಗಣ್ಣಂತ ನೋಡು. ನಿಮ್ಮಜ್ಜಿ ಎಡಗಣ್ಣಿಲೆ ನಗತಿದ್ಲಂತ."

ಅವ್ವನ ಮುಖವನ್ನು ನನಗಿಂತ ಎಂಟು ವರ್ಷ ಮೊದಲಿನಿಂದ ನೋಡಿದವಳು ಅಕ್ಕ.